ದೊಣೆ ನೀರಿನ ರುಚಿ

ಹಿಮಾಲಯವನ್ನು ಬರಿಗಾಲಲ್ಲಿ ಹತ್ತಿಳಿದವನು ನಾನು. ಸುಳ್ಳು, ಗುರು. ತೊಂಬತ್ತರ ದಶಕದಲ್ಲಿ ಟಿನ್ ಫ್ಯಾಕ್ಟರಿ ಬಸ್ ಸ್ಟಾಪಿನಿಂದ ಬಾಡಿಗೆ ವ್ಯಾನ್ ಓಡಿಸ್ತಿದ್ದೆ ಅಷ್ಟೆ. ಒಂದ್ಸಲ ಪಿಕ್‌ನಿಕ್ಕಿಗೆ ಬಂದ ಇಂದಿರಾನಗರದ ಸಾಹೇಬನೊಬ್ಬ ಕೋಲಾರದ ಕಡೆ ಬೆಟ್ಟದ ಮೇಲೆ ಬಂಡೆ ನಡುವೆ ಮಳೆನೀರು ನಿಲ್ಲೋ ದೊಣೆಯಲ್ಲೇ ಚಿತ್ರಾನ್ನದ ಪಾತ್ರೆಗಳನ್ನು ಸೋಪು ಹಾಕಿ ತೊಳೆಸಿದ.

ಕೊಡ ಹಿಡ್ಕೊಂಡು ಬಂದ ಅಜ್ಜಿ, "ಸ್ವಾಮಿ, ನಮ್ಮೂರೆಲ್ಲ ಕುಡಿಯೋದು ಇದೇ ನೀರು" ಅಂದ್ರು.

"ಕುಡೀರಿ, ಯಾರು ಬೇಡ ಅಂದ್ರು?" ಅಂತ ಆ ಪುಣ್ಯಾತ್ಮ ನಕ್ಕ.

ನನಗೆ ಮೈಯೆಲ್ಲ ಉರಿದುಹೋಯ್ತು. ಅವನ ಖಾಲಿ ಬಾಟ್ಲಿಗೆ ಅದೇ ನೀರು ತುಂಬಿಸಿಟ್ಟೆ.

ವಾಪಸ್ ಬರುವಾಗ ಕೆ.ಆರ್. ಪುರದ ಟ್ರಾಫಿಕ್ಕಿನಲ್ಲಿ ಸಾಹೇಬನಿಗೆ ಬಾಯಾರಿತು. ಒಂದು ಗುಟುಕು ಕುಡಿದವನೇ ಥೂ ಅಂತ ಉಗಿದ.

"ಏನಯ್ಯಾ ಇದು?"

"ದೊಣೆ ನೀರು ಸಾರ್. ನೀವಾದ್ರೆ ಉಗಿದ್ರಿ. ಅಜ್ಜಿ ನಾಳೇನೂ ಇದನ್ನೇ ನುಂಗ್ಬೇಕು."

ಮರುದಿನವೇ ವ್ಯಾನ್ ಮಾಲೀಕ ನನ್ನ ಕೈಯಿಂದ ಕೀ ಕಿತ್ಕೊಂಡ. ಆವತ್ತಿಂದ ಜೇಬು ಖಾಲಿ. ಅದಕ್ಕೇ ಮಗಾ, ಈ ಟೀಗೆ ದುಡ್ಡು ನೀನೇ ಕೊಟ್ಬಿಡು.