ಅಪ್ಪ ದೊಡ್ಡಪ್ಪನ ಪರ ಮಾತಾಡಿದ ಶನಿವಾರ

ನಾನು ಚಿಕ್ಕವಳಿದ್ದಾಗ, ಜಗಳ ಅಂದಮೇಲೆ ಒಬ್ಬರು ಗೆಲ್ಲಬೇಕು, ಇನ್ನೊಬ್ಬರು ಸೋಲಬೇಕು ಅಂತ ನಂಬಿದ್ದೆ ಮಕ್ಕಳೇ. ಒಂದು ಶನಿವಾರ ಹೂವಿನಹಡಗಲಿಯ ಕೋರ್ಟಿನ ಅಂಗಳದಲ್ಲಿ ಆ ನಂಬಿಕೆ ತಲೆಕೆಳಗಾಯಿತು.

ಅಪ್ಪನಿಗೂ ಅವನ ಅಣ್ಣ, ಅಂದರೆ ನನ್ನ ದೊಡ್ಡಪ್ಪನಿಗೂ ಮಲ್ಲಿಗೆ ತೋಟ ಬೇರೆ ಬೇರೆ, ಬಾವಿ ಮಾತ್ರ ಒಂದೇ. ಬೆಳಿಗ್ಗೆ ನೀರು ಬಿಡುವ ಪಾಳಿ ದೊಡ್ಡಪ್ಪನದು, ಮಧ್ಯಾಹ್ನ ನಮ್ಮದು. ಆದರೆ ಕರೆಂಟು ಪಾಳಿ ನೋಡಿ ಬರುತ್ತದೆಯೇ? ಆ ಬೇಸಿಗೆಯಲ್ಲಿ ಬೆಳಗಿನ ಹೊತ್ತು ಅದರ ಸುಳಿವೇ ಇರಲಿಲ್ಲ. ಗಿಡ ಬಾಡುವುದನ್ನು ನೋಡಲಾಗದೆ ದೊಡ್ಡಪ್ಪ ಒಂದು ಮಧ್ಯಾಹ್ನ ನಮ್ಮ ನೀರನ್ನು ತನ್ನ ತೋಟಕ್ಕೆ ತಿರುಗಿಸಿಕೊಂಡ. ಅಪ್ಪ ಸಿಟ್ಟಿಗೆದ್ದು ಮೋಟರಿನ ಕೋಣೆಗೆ ಬೀಗ ಜಡಿದ. ದೊಡ್ಡಪ್ಪ ಬಿಡುತ್ತಾನೆಯೇ? ಅದೇ ಬಾಗಿಲಿಗೆ ತನ್ನದೂ ಒಂದು ಬೀಗ ಹಾಕಿದ.

ಕೇಸು ಕೋರ್ಟಿಗೆ ಹೋಯಿತು, ವಾಯಿದೆಯ ಮೇಲೆ ವಾಯಿದೆ ಬಿತ್ತು. ಬಾವಿಯಲ್ಲಿ ನೀರಿದ್ದೂ ಎರಡೂ ತೋಟ ಒಣಗತೊಡಗಿದವು. ಅವ್ವ ಕೊಡ ಹೊತ್ತು ಹೊತ್ತು ಗಿಡಗಳ ಜೀವ ಹಿಡಿದಿಟ್ಟಿದ್ದಳು. ದಿನಾ ನನಗೆ ಜಡೆ ಹೆಣೆದು ಹೂ ಮುಡಿಸುತ್ತಿದ್ದ ಅಕ್ಕ, ದೊಡ್ಡಪ್ಪನ ಮಗಳು, ನಮ್ಮ ಮನೆಗೆ ಬರುವುದನ್ನೇ ಬಿಟ್ಟಳು. ನನಗೆ ತೋಟಕ್ಕಿಂತ ಅದೇ ದೊಡ್ಡ ಸಂಕಟ.

ಆ ಶನಿವಾರ ಲೋಕ ಅದಾಲತ್ ಇತ್ತು. ತೀರ್ಪಿಗೆ ಕಾಯದೆ ಇಬ್ಬರನ್ನೂ ಕೂರಿಸಿ ರಾಜಿ ಮಾಡಿಸುತ್ತಾರೆ ಅಂತ ಅಪ್ಪ ಹೇಳಿದ. ಊರಿಗಿದ್ದದ್ದು ಒಂದೇ ಬಸ್ಸು. ದೊಡ್ಡಪ್ಪ ಡ್ರೈವರ್ ಹಿಂದಿನ ಸೀಟಿನಲ್ಲಿ, ನಾವು ಕಟ್ಟಕಡೆಯಲ್ಲಿ. ಜಗಳ ಆಡುವುದಕ್ಕೂ ಒಂದೇ ಬಸ್ಸಿನಲ್ಲಿ ಹೋಗುತ್ತಾರಲ್ಲ ಅಂತ ನನಗೆ ಗೊಂದಲ ಅಲ್ಲಿಂದಲೇ ಶುರು.

ಅಂಗಳದಲ್ಲಿ ಬೇವಿನ ಮರದ ಕೆಳಗೆ ಶಾಮಿಯಾನ, ಆಚೆಯಿಂದ ಮಿರ್ಚಿ ಕರಿಯುವ ವಾಸನೆ. ಕಟಕಟೆ ಹುಡುಕಿದೆ, ಇರಲಿಲ್ಲ. ಜಡ್ಜಮ್ಮ ನಮ್ಮಂಥದ್ದೇ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಿದ್ದರು. ಇಬ್ಬರ ದೂರೂ ಕೇಳಿದ ಮೇಲೆ ಅಪ್ಪನಿಗೆ, "ನಿಮ್ಮದು ಸಾಕು. ನಿಮ್ಮ ಅಣ್ಣನ ಕಷ್ಟ ಏನು, ಅದನ್ನ ನೀವು ಹೇಳಿ" ಅಂದರು.

ಅಪ್ಪ ಟವೆಲ್ಲಿನ ತುದಿ ಹಿಂಡುತ್ತಾ ನಿಂತ. "ಅಣ್ಣನ ಪಾಳಿಯಾಗ ಕರೆಂಟು ಇರಂಗಿಲ್ರಿ. ಕಣ್ಣಮುಂದ ಗಿಡ ಒಣಗಿದ್ರ ಅವನರ ಏನ್ ಮಾಡ್ಯಾನು?"

ನನಗೆ ತಡೆಯಲಾಗಲಿಲ್ಲ. "ಅಪ್ಪಾ, ನಮ್ದು ಹೇಳು! ಅವ್ರದ್ಯಾಕ ಹೇಳ್ತಿ?" ಅಂತ ಕೂಗಿಬಿಟ್ಟೆ. ಸುತ್ತ ಇದ್ದವರೆಲ್ಲ ನಕ್ಕರು. ನನಗೆ ಅಳುವೇ ಬಂತು.

ಈಗ ದೊಡ್ಡಪ್ಪನ ಸರದಿ. ಅವನು ಅಪ್ಪನ ಕಡೆ ನೋಡದೆ, "ತಮ್ಮಂದು ಬೀಗ ಹಾಕೂ ಸ್ವಭಾವ ಅಲ್ರಿ. ಹೇಳದ ಕೇಳದ ನೀರು ತಿರುವಿದಾಂವ ನಾನು. ಒಂದ್ಮಾತು ಕೇಳಿದ್ರ ಅವನೇ ನೀರು ಬಿಡ್ತಿದ್ದ" ಅಂದ. ನನ್ನ ತಲೆ ಗಿರ್ರೆಂದಿತು. ಅಪ್ಪ ಅವರ ಕಡೆ, ದೊಡ್ಡಪ್ಪ ನಮ್ಮ ಕಡೆ. ಹಾಗಾದರೆ ಜಗಳ ಆಡುವವರು ಯಾರು?

ಇನ್ನು ಹೊತ್ತಿನ ಲೆಕ್ಕ ಬೇಡ, ಕರೆಂಟು ಯಾವಾಗ ಬಂದರೂ ಒಂದು ದಿನ ಅವರಿಗೆ, ಒಂದು ದಿನ ನಮಗೆ ಅಂತ ಒಪ್ಪಿ ಇಬ್ಬರೂ ಸಹಿ ಹಾಕಿದರು.

"ಗೆದ್ದೋರು ಯಾರಪ್ಪಾ?" ಅಂದೆ.

"ಯಾರರ ಗೆಲ್ಲಲವ್ವ, ಮೊದ್ಲು ಬೀಗ ತಗೀಬೇಕು, ನಡಿ" ಅಂದ ಅಪ್ಪ.

ಸಂಜೆ ಎರಡೂ ಬೀಗ ತೆಗೆದರು. ಮೊದಲ ನೀರು ದೊಡ್ಡಪ್ಪನ ತೋಟಕ್ಕೆ. ಒಣ ಮಣ್ಣು ನೀರು ಕುಡಿಯುವ ಘಮ ಬದುವಿನವರೆಗೂ ಬಂತು. ಅಕ್ಕ ಕೆಸರುಗಾಲಲ್ಲೇ ಬಂದು ನನ್ನನ್ನು ಬಾವಿಕಟ್ಟೆಯ ಮೇಲೆ ಕೂರಿಸಿ ಜಡೆ ಬಿಚ್ಚಿದಳು. ಅವಳನ್ನೂ ಕೇಳಿದೆ: "ಅಕ್ಕಾ, ಗೆದ್ದೋರು ನೀವೋ ನಾವೋ?"

"ಸುಮ್ನ ಕುಂದರು, ಬೈತಲಿ ಸೊಟ್ಟ ಆಗ್ತೈತಿ" ಅಂದಳು.

ಈಗ ಒಬ್ಬೊಬ್ಬರ ಹೊಲದಲ್ಲೂ ಒಂದೊಂದು ಬೋರು. ನಿಮಗೂ ಒಬ್ಬೊಬ್ಬರಿಗೆ ಒಂದೊಂದು ಮೊಬೈಲು. ಪಾಳಿ ಅಂದರೆ ಏನೆಂದೇ ನಿಮಗೆ ಗೊತ್ತಿಲ್ಲ. ಆದರೂ ನಿನ್ನೆ ಚಾರ್ಜರಿಗಾಗಿ ಕಿತ್ತಾಡಿಕೊಂಡು ನನ್ನ ಹತ್ತಿರ ಬಂದಿರಿ. "ನಿನ್ನ ತಂಗಿಯ ಕಷ್ಟ ನೀನು ಹೇಳು" ಅಂದದ್ದಕ್ಕೆ, "ಅಜ್ಜಿ, ನೀನು ಯಾರ ಪರ?" ಅಂತ ಕಣ್ಣು ಬಿಟ್ಟೆಯಲ್ಲ ಮಗಾ, ಅವತ್ತು ನಾನೂ ಹಾಗೇ ಕಣ್ಣು ಬಿಟ್ಟಿದ್ದೆ. ಗೆದ್ದವರು ಯಾರೆಂದು ನನಗಿನ್ನೂ ಗೊತ್ತಾಗಿಲ್ಲ. ಆದರೆ ತಾನು ಮದುವೆಯಾಗಿ ಹೋಗುವ ದಿನದವರೆಗೂ ಅಕ್ಕ ನನಗೆ ಹೂ ಮುಡಿಸುವುದನ್ನು ತಪ್ಪಿಸಲಿಲ್ಲ.