ಒಂದು ಸಲವೂ ಇಲ್ಲವೆನ್ನದ ಕಂಪನಿ

ನಮ್ಮ ಆಸ್ಪತ್ರೆಗೆ ಹೊಸ ಬಿಲ್ಲಿಂಗ್ ಸಾಫ್ಟ್‌ವೇರ್ ಬಂದ ದಿನ ನಮ್ಮ ವಿಭಾಗದ ಮುಖ್ಯಸ್ಥರು ಕಂಪ್ಯೂಟರಿಗೆ ಕುಂಕುಮ ಇಟ್ಟರು. ಇಟ್ಟದ್ದು ಪರದೆಯ ನೆತ್ತಿಯ ಮೇಲೆ, ಕ್ಯಾಮೆರಾ ಇರುವ ಜಾಗಕ್ಕೆ ಸರಿಯಾಗಿ. ಅಂದಿನಿಂದ ವಿಡಿಯೊ ಮೀಟಿಂಗಿನಲ್ಲಿ ನಮ್ಮ ವಿಭಾಗದವರೆಲ್ಲ ಕೆಂಪಗೆ ಕಾಣಿಸುತ್ತಿದ್ದೆವು. ಅದನ್ನು ಒರೆಸುವ ಧೈರ್ಯ ಯಾರಿಗೂ ಬರಲಿಲ್ಲ.

ಮುಖ್ಯಸ್ಥರು ಊರಿನ ಹಳೆಯ ಬಡಾವಣೆ ಕೃಷ್ಣಮೂರ್ತಿಪುರಂನವರು. ಅವರ ತಾತ ಅರಮನೆಯ ಲೆಕ್ಕದ ಕಚೇರಿಯಲ್ಲಿದ್ದವರಂತೆ. ಹೊಸ ಲೆಕ್ಕದ ಪುಸ್ತಕ ತೆರೆದರೆ ಮೊದಲ ಸಾಲಿನಲ್ಲಿ ‘ಶ್ರೀ ಚಾಮುಂಡೇಶ್ವರಿ ಪ್ರಸನ್ನ’ ಎಂದು ಬರೆಯದೆ ಒಂದು ಅಂಕಿಯನ್ನೂ ಹಾಕುವವರಲ್ಲ. ತರಬೇತಿ ಕೊಡಲು ಬಂದವನು ಪಾಪ, ಮರ್ಯಾದೆಗೆಂದು, “ಇನ್ಮೇಲೆ ಇದೇ ನಿಮ್ಮ ಪುಸ್ತಕ ಸಾರ್, ಮೊದಲ ಎಂಟ್ರಿ ನೀವೇ ಮಾಡಿ” ಎಂದುಬಿಟ್ಟ. ಇವರು ಕೈಮುಗಿದು, ಒಂದೊಂದೇ ಅಕ್ಷರ ಹುಡುಕಿ ಹುಡುಕಿ, ಇಂಗ್ಲಿಷಿನಲ್ಲಿ ಅದೇ ಸಾಲು ಬರೆದರು. ಮುಂದಕ್ಕೆ ಹೋಗಬೇಕಾದರೆ ಫೋನ್ ನಂಬರ್ ಕೊಡಿ ಎಂದು ಯಂತ್ರ ಹಟ ಹಿಡಿಯಿತು.

“ದೇವರ ಫೋನ್ ನಂಬರ್ ಕೇಳ್ತಾ ಇದೆಯಲ್ಲಮ್ಮ ಇದು!” ಎಂದು ನಗುತ್ತಲೇ ತಮ್ಮ ನಂಬರನ್ನೇ ಕೊಟ್ಟರು. ಪಕ್ಕದಲ್ಲಿ ಕೂತಿದ್ದ ನಾನೂ ನಕ್ಕೆ. ಆ ಹೊತ್ತಿನಲ್ಲಿ ಪರದೆಯ ಮೇಲೆ ತೆರೆದಿದ್ದದ್ದು ವಿಮಾ ಕಂಪನಿಗಳ ಪಟ್ಟಿ ಎಂಬುದನ್ನು ನಾವಿಬ್ಬರೂ ನೋಡಲಿಲ್ಲ.

ಸಾಫ್ಟ್‌ವೇರ್ ಬರುವ ಮೊದಲು ವಿಮೆ ಇಲ್ಲದ ರೋಗಿಗಳಿಗೆ ನಮ್ಮಲ್ಲೊಂದು ಪದ್ಧತಿಯಿತ್ತು. ಮುಖ್ಯಸ್ಥರು ಅವರ ಮನೆಯವರನ್ನು ಒಳಗೆ ಕರೆದು ಕೂರಿಸಿ, ಕಾಫಿ ತರಿಸಿ, ಊರು ಕೇರಿ ಎಲ್ಲ ವಿಚಾರಿಸಿ, ಎಷ್ಟು ಆಗುತ್ತದೆ, ಯಾವಾಗ ಆಗುತ್ತದೆ ಎಂದು ಕೇಳಿ, ಫೈಲಿನ ಮೇಲೆ ‘ಮಾತಾಡಿದೆ’ ಎಂದು ಬರೆದು ಸಹಿ ಹಾಕುತ್ತಿದ್ದರು. ಆ ಒಂದು ಮಾತಿಗೆ ಇಡೀ ಆಸ್ಪತ್ರೆ ತಲೆಬಾಗುತ್ತಿತ್ತು. ಹೊಸ ಯಂತ್ರದಲ್ಲಿ ‘ಮಾತಾಡಿದೆ’ ಎಂದು ಬರೆಯಲು ಜಾಗವೇ ಇರಲಿಲ್ಲ. ವಿಮಾ ಕಂಪನಿ ಯಾವುದು ಎಂಬ ಚೌಕದ ಮನೆ ಖಾಲಿ ಬಿಟ್ಟರೆ ಅದು ಪಟ್ಟಿಯ ಮೊದಲ ಹೆಸರನ್ನು ತಾನಾಗಿಯೇ ತುಂಬಿಕೊಳ್ಳುತ್ತಿತ್ತು.

ವಿಮೆ ಇಲ್ಲದವರಂತೂ ದಿನದಿಂದ ದಿನಕ್ಕೆ ಹೆಚ್ಚುತ್ತಿದ್ದರು. ಕಂತು ಏರಿತೆಂದು ಬಿಟ್ಟವರು, ಕೆಲಸ ಗುತ್ತಿಗೆಗೆ ಹೋಗಿ ಸೌಲಭ್ಯ ಕಳೆದುಕೊಂಡವರು, ಕಾರ್ಡಿದ್ದರೂ ಹೆಸರಿನ ಒಂದಕ್ಷರ ಹೊಂದದವರು. ಇವರೆಲ್ಲರ ಬಿಲ್ಲಿನ ಮೇಲೂ ‘ಎಸ್‌ಸಿಪಿ’ ಎಂದು ಬರತೊಡಗಿತು. ಉದ್ದದ ಹೆಸರುಗಳನ್ನು ಯಂತ್ರ ಮೊದಲಕ್ಷರಗಳಿಗೆ ಕತ್ತರಿಸುತ್ತಿತ್ತು. ಆಡಳಿತದವರು ಯಾವುದೋ ದಾನಿ ಕಂಪನಿಯನ್ನು ಹಿಡಿದು ತಂದಿದ್ದಾರೆಂದು ನಾವು ತಿಳಿದೆವು. ನಾವು ಹಿಡಿದು ತಂದಿದ್ದೇವೆಂದು ಆಡಳಿತದವರು ತಿಳಿದರು. ದುಡ್ಡು ಮಾತ್ರ ಬಂದಿರಲಿಲ್ಲ. ಯಾವ ವಿಮಾ ಕಂಪನಿಯ ದುಡ್ಡೂ ಹೊತ್ತಿಗೆ ಸರಿಯಾಗಿ ಬರುವುದಿಲ್ಲವಾದ್ದರಿಂದ ಅದು ಯಾರಿಗೂ ವಿಶೇಷ ಅನ್ನಿಸಲಿಲ್ಲ.

ತಿಂಗಳ ಮೀಟಿಂಗಿನಲ್ಲಿ ಆಡಳಿತಾಧಿಕಾರಿಗಳು ಗೋಡೆಯ ಮೇಲೆ ಬಣ್ಣಬಣ್ಣದ ಚಿತ್ರ ತೋರಿಸಿದರು. ಊರಿಗೆ ಹೊಸಬರು, ಬಹಳ ಉತ್ಸಾಹಿ. “ನೋಡಿ, ಎಲ್ಲ ಕಂಪನಿಗಳೂ ಒಂದಲ್ಲ ಒಂದು ತಕರಾರು ತೆಗೀತವೆ. ಈ ಎಸ್‌ಸಿಪಿ ಒಂದು ಸಲವೂ ಇಲ್ಲ ಅಂದಿಲ್ಲ. ಇಂಥ ಪಾರ್ಟ್ನರ್ ನಮಗೆ ಬೇಕು. ಅವರ ಪ್ರತಿನಿಧೀನ ಒಂದ್ಸಲ ಕಾಫಿಗೆ ಕರೀರಿ” ಎಂದರು. ನಮ್ಮ ಮುಖ್ಯಸ್ಥರು ಗಂಭೀರವಾಗಿ ಗುರುತು ಹಾಕಿಕೊಂಡರು. ಅಷ್ಟರಲ್ಲಿ ಅವರ ಜೇಬಿನ ಫೋನ್ ಬಡಿದುಕೊಂಡಿತು. “ಲೋನ್ ಕೊಡ್ತೀವಿ ಅನ್ನೋರು ಕಣ್ರೀ, ದಿನಾ ಕಾಟ” ಎಂದು ಕತ್ತರಿಸಿದರು.

ಹೀಗಿರುವಾಗ ಬಲಗೈಗೆ ಜೋಳಿಗೆ ಕಟ್ಟಿಕೊಂಡ ಹೆಂಗಸೊಬ್ಬರು ನನ್ನ ಕೌಂಟರಿಗೆ ಬಂದರು. ದಟ್ಟಗಳ್ಳಿಯ ನಾಲ್ಕಾರು ಮನೆಗಳಲ್ಲಿ ಪಾತ್ರೆ ತೊಳೆದು ಅಡುಗೆ ಮಾಡುವವರು, ಬಸ್ಸಿನ ಮೆಟ್ಟಿಲಿಂದ ಜಾರಿ ಮಣಿಕಟ್ಟು ಮುರಿದುಕೊಂಡಿದ್ದರು. ಇವತ್ತೇ ಆಪರೇಷನ್ ಆಗಬೇಕು, ಬಿಟ್ಟರೆ ಮೂಳೆ ಸೊಟ್ಟ ಕೂಡಿಕೊಳ್ಳುತ್ತದೆ, ಆ ಕೈಯಲ್ಲಿ ಚೊಂಬೂ ಎತ್ತಲಾಗುವುದಿಲ್ಲ ಎಂದು ಡಾಕ್ಟರು ಹೇಳಿದ್ದರು. ಸರ್ಕಾರಿ ಕಾರ್ಡು ಅವರ ಹತ್ತಿರ ಇತ್ತು. ಆದರೆ ಹೆಬ್ಬೆಟ್ಟು ಒತ್ತಿಸಿದರೆ ಯಂತ್ರ ‘ಇವರು ಅವರಲ್ಲ’ ಎನ್ನುತ್ತಿತ್ತು. ಪಾತ್ರೆ ತಿಕ್ಕಿ ತಿಕ್ಕಿ ಗೆರೆಗಳೇ ಸವೆದುಹೋಗಿದ್ದವು.

“ನಾನು ನಾನೇ ಕಣ್ ಮೇಡಂ, ಇನ್ಯಾರು?” ಎಂದು ಆಕೆ ಎಡಗೈ ಹೆಬ್ಬೆಟ್ಟನ್ನೂ ಒತ್ತಿದರು. ಯಂತ್ರ ಅದನ್ನೂ ಒಪ್ಪಲಿಲ್ಲ.

ನಾನು ಎಂದಿನಂತೆ ಕಂಪನಿಯ ಮನೆ ಖಾಲಿ ಬಿಟ್ಟೆ, ಎಸ್‌ಸಿಪಿ ಬಂತು. ಆದರೆ ಅಂದು ‘ಒಪ್ಪಿಗೆ’ ಎಂಬ ಹಸಿರು ಬರಲಿಲ್ಲ. ಹಿಂದಿನ ದಿನವಷ್ಟೇ ಸಾಫ್ಟ್‌ವೇರಿನವರು ಏನನ್ನೋ ಸುಧಾರಿಸಿದ್ದರು. ಕಂಪನಿ ಸುಮ್ಮನಿದ್ದರೆ ಒಪ್ಪಿದಂತೆ ಎಂಬ ಹಳೆಯ ಕ್ರಮ ಹೋಗಿ, ಕಂಪನಿಯ ಪ್ರತಿನಿಧಿ ಫೋನಿನಲ್ಲಿ ಒಪ್ಪಲೇಬೇಕು ಎಂಬ ಹೊಸ ಕ್ರಮ ಬಂದಿತ್ತು. ಸಂಜೆ ನಾಲ್ಕರೊಳಗೆ ಹಸಿರಾಗದಿದ್ದರೆ ಆಪರೇಷನ್ ಥಿಯೇಟರ್ ಇನ್ನೊಬ್ಬರಿಗೆ ಎಂದು ಮೇಲಿನಿಂದ ಸಂದೇಶ ಬಂತು.

“ಎಂಗಾಯ್ತದೆ ಮೇಡಂ?” ಎಂದು ಆಕೆ ಕೇಳಿದರು. “ಈ ಕೈ ಓಯ್ತು ಅಂದ್ರೆ ನನ್ ಕತೆ ಮುಗೀತು. ನನ್ತವ ಇರಾದೇ ಇದು.”

“ಕೂತ್ಕೊಳ್ಳಿ, ಆಗುತ್ತೆ” ಎಂದೆ. ಆಗುತ್ತದೋ ಇಲ್ಲವೋ ನನಗೇನು ಗೊತ್ತು, ಬಾಯಿಗೆ ಬಂದದ್ದು ಅದು. ಸೀದಾ ಮುಖ್ಯಸ್ಥರ ಕೋಣೆಗೆ ಹೋದೆ. ಅವರ ಫೋನ್ ಮೇಜಿನ ಮೇಲೆ ಬಡಿದುಕೊಳ್ಳುತ್ತಿತ್ತು. ಅವರು ಕತ್ತರಿಸಿದರು. ಮತ್ತೆ ಬಡಿಯಿತು. ನನಗೆ ತಲೆ ಕೆಟ್ಟಿತ್ತು. “ಕೊಡಿ ಸಾರ್, ಆ ಲೋನಿನವರಿಗೆ ನಾನು ಬುದ್ಧಿ ಹೇಳ್ತೀನಿ” ಎಂದು ಎತ್ತಿ ಸ್ಪೀಕರಿಗೆ ಹಾಕಿದೆ.

ಒಳಗಿಂದ ಬಹಳ ಸಭ್ಯವಾದ ಹೆಣ್ಣುದನಿ ಬಂತು. “ನಮಸ್ಕಾರ. ಶ್ರೀ ಚಾಮುಂಡೇಶ್ವರಿ ಪ್ರಸನ್ನ ಸಂಸ್ಥೆಯ ಅಧಿಕೃತ ಪ್ರತಿನಿಧಿಗಳೇ, ತಮ್ಮ ವಿಮಾದಾರರೊಬ್ಬರ ಶಸ್ತ್ರಚಿಕಿತ್ಸೆ ತಮ್ಮ ಒಪ್ಪಿಗೆಗಾಗಿ ಕಾಯುತ್ತಿದೆ. ಒಪ್ಪಲು ಒಂದನ್ನು ಒತ್ತಿ. ತಿರಸ್ಕರಿಸಲು ಎರಡನ್ನು ಒತ್ತಿ. ಮತ್ತೊಮ್ಮೆ ಕೇಳಲು ಮೂರನ್ನು ಒತ್ತಿ.”

ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಅವರು ಮೂರನ್ನು ಒತ್ತಿದರು. ಅದು ಮತ್ತೊಮ್ಮೆ ಅಷ್ಟನ್ನೂ ಹೇಳಿತು. ಇಷ್ಟು ದಿನ ಲೋನಿನ ಕಾಟವೆಂದು ಕತ್ತರಿಸಿದ್ದು ನಮ್ಮದೇ ಆಸ್ಪತ್ರೆಯ ಕರೆ. ಅವರು ಕತ್ತರಿಸಿದಾಗಲೆಲ್ಲ ಯಂತ್ರ ಅದನ್ನು ದೇವಿಯ ಮೌನಸಮ್ಮತಿ ಎಂದು ಬರೆದುಕೊಂಡು ಒಬ್ಬೊಬ್ಬರನ್ನೇ ದುಡ್ಡು ಕೇಳದೆ ಮನೆಗೆ ಕಳಿಸಿತ್ತು.

“ಅಯ್ಯೋ ಶಿವನೇ. ಎರಡು ಒತ್ತಬೇಕು ಕಣಮ್ಮ” ಎಂದರು. “ಇದು ಮೋಸ. ನಾನು ಯಾರು ಆ ತಾಯಿ ಪರವಾಗಿ ಹೂಂ ಅನ್ನೋಕೆ?”

“ಅವಳ ಪರವಾಗಿ ಊಹೂಂ ಅನ್ನೋಕೆ ನೀವ್ಯಾರು ಸಾರ್?” ಎಂದೆ. ನನಗೆ ಸಿಟ್ಟು ನೆತ್ತಿಗೇರಿತ್ತು. “ಒತ್ತಿ ಎರಡು. ಒತ್ತಿ, ಹೊರಗೆ ಹೋಗಿ ನೀವೇ ಹೇಳಿ ಆ ಹೆಂಗಸಿಗೆ. ಚಾಮುಂಡಿ ತಾಯಿ ಬೇಡ ಅಂದ್ಲು, ಮನೆಗೆ ಹೋಗಮ್ಮ ಅನ್ನಿ.”

ಅವರು ಗಾಜಿನಾಚೆ ನೋಡಿದರು. ಆಕೆ ಜೋಳಿಗೆಯೊಳಗಿನ ಕೈಯನ್ನು ಇನ್ನೊಂದು ಕೈಯಿಂದ ಎದೆಗೊತ್ತಿ ಹಿಡಿದುಕೊಂಡು ಕೂತಿದ್ದರು. ಫೋನಿನ ದನಿ, ತಾವು ಇನ್ನೂ ಸಾಲಿನಲ್ಲಿದ್ದೀರಾ ಎಂದು ವಿಚಾರಿಸಿತು. ಮುಖ್ಯಸ್ಥರು ಮೇಜಿನ ಕೆಳಗೆ ಚಪ್ಪಲಿ ಬಿಟ್ಟರು. ಎದ್ದು ನಿಂತರು. ಬೆರಳನ್ನು ಕರವಸ್ತ್ರದಲ್ಲಿ ಒರೆಸಿಕೊಂಡು, ಕಣ್ಣು ಮುಚ್ಚಿ, ಒಂದನ್ನು ಒತ್ತಿದರು.

“ಧನ್ಯವಾದಗಳು. ನಮ್ಮ ಸೇವೆ ತಮಗೆ ತೃಪ್ತಿ ತಂದಿದೆಯೇ? ಒಂದರಿಂದ ಐದರೊಳಗೆ ಅಂಕ ನೀಡಿ.” ಅವರು ಅದೇ ಭಕ್ತಿಯಿಂದ ಐದನ್ನೂ ಒತ್ತಿದರು. ಹೊರಗೆ ನನ್ನ ಪರದೆ ಹಸಿರಾಯಿತು, ಆಕೆಯನ್ನು ಒಳಗೆ ಕರೆದುಕೊಂಡು ಹೋದರು. ನಾನು ಕುರ್ಚಿಯಲ್ಲಿ ಕೂತು ನಕ್ಕೆ, ಆಮೇಲೆ ಅತ್ತೆ.

ಮರುದಿನ ಬೆಳಿಗ್ಗೆ ಮುಖ್ಯಸ್ಥರು ತಾವಾಗಿಯೇ ಹೋಗಿ ಆಡಳಿತಾಧಿಕಾರಿಗಳಿಗೆ ನಡೆದದ್ದೆಲ್ಲ ಹೇಳಿದರು. ತಡೆಯಲು ನೋಡಿದೆ, ಕೇಳಲಿಲ್ಲ. ‘ಮಾತಾಡಿದೆ’ ಎಂದು ಬರೆಯಲು ಒಂದು ಮನೆ ಮಾಡಿಕೊಡಿ ಎಂದು ನಾವು ತಿಂಗಳುಗಟ್ಟಲೆ ಗೋಗರೆದಿದ್ದೆವು, ಆಗ ಆಗಲಿಲ್ಲ. ಪಟ್ಟಿಯಿಂದ ಅಮ್ಮನವರ ಹೆಸರನ್ನು ಅಳಿಸುವ ಕೆಲಸ ಮಾತ್ರ ಅರ್ಧ ಗಂಟೆಯಲ್ಲಿ ಮುಗಿಯಿತು. ಇನ್ನು ಮುಂದೆ ಕಂಪನಿಯ ಮನೆ ಖಾಲಿ ಬಿಟ್ಟರೆ ಯಂತ್ರ ಮುಂದಕ್ಕೇ ಹೋಗುವುದಿಲ್ಲ. ಯಾವ ಅಧಿಕಾರದಿಂದ ಒಂದನ್ನು ಒತ್ತಿದಿರಿ ಎಂದು ಮುಖ್ಯಸ್ಥರನ್ನು ಕೇಳಿದರಂತೆ. ನಿವೃತ್ತಿಗೆ ಹೆಚ್ಚು ದಿನ ಉಳಿದಿರಲಿಲ್ಲ, ಅಲ್ಲಿಯವರೆಗೆ ರಜೆಯ ಮೇಲಿರಿ ಎಂದು ಕಳಿಸಿದರು.

ಕೆಲವು ವಾರಗಳ ನಂತರ ಆ ಹೆಂಗಸು ಬಂದರು. ಕಟ್ಟು ಬಿಚ್ಚಿತ್ತು. ಕೌಂಟರಿನ ಮುಂದೆ ನಿಂತು ಬಲಗೈ ಬೆರಳುಗಳನ್ನು ಮಡಚಿ, ಬಿಡಿಸಿ ತೋರಿಸಿದರು. ನನಗೆ ತುಂಬ ಸಂತೋಷವಾಯಿತು.

“ಮೇಡಂ, ನಂಗೆ ಮಾಡ್ಸುದ್ರಲ್ಲ, ಆ ಕಂಪ್ನಿ. ಅದುಕ್ಕೆ ನನ್ ಮಗ್ಳುನೂ ಸೇರುಸ್ಬೇಕು. ತಿಂಗ್ಳಿಗೆ ಏಸು ಕಟ್ಬೇಕು? ಕಟ್ಬುಡ್ತೀನಿ.”

“ಆ ಕಂಪನಿ ಮುಚ್ಚಿಹೋಯ್ತು ಕಣಮ್ಮ” ಎಂದೆ.

“ಅಯ್ಯೋ, ಅಂಥ ಒಳ್ಳೇದ್ನ ಯಾರು ಮುಚ್ಚುದ್ರು?”

“ಇಲ್ಲಿಯವರೇ.”

“ಅಂಗಾರೆ ನಾಳೀಕೆ ನನ್ ಮಗ್ಳಿಗೇನಾರ ಆದ್ರೆ ಯಾರ್ನ ಕೇಳ್ಲಿ ಮೇಡಂ?”

ಹಿಂದೆ ಸಾಲು ಬೆಳೆಯುತ್ತಿತ್ತು. ನಾನು ಪರದೆಯನ್ನು ನೋಡಿದೆ. ಕಂಪನಿಯ ಹೆಸರು ತುಂಬಿ ಎಂದು ಅದು ನನ್ನನ್ನೇ ಕೇಳುತ್ತಿತ್ತು.