ಕರಪತ್ರದಲ್ಲಿ ಬೊಜ್ಜ

ನನ್ನ ಹೆಂಡತಿ ಶಾರದೆ ತೀರಿಕೊಂಡ ವರ್ಷ ನಾನು ಬಹರೈನಿನ ಒಂದು ಈವೆಂಟ್ ಕಂಪೆನಿಯಲ್ಲಿ ವಾರ್ಡ್‌ರೋಬ್ ಸೂಪರ್‌ವೈಸರ್ ಆಗಿದ್ದೆ. ಹೆಸರು ದೊಡ್ಡದು, ಕೆಲಸ ದರ್ಜಿಯದೇ. ಜಿಂಜ್ ಎಂಬ ಬಡಾವಣೆಯಲ್ಲಿ ಎರಡು ಕೋಣೆ, ನಾಲ್ಕು ಮೆಷಿನ್. ಕಾರ್ಯಕ್ರಮಗಳ ಉಡುಪು ಹೊಲಿಸಿ, ಕೊನೆಗೆ ಪ್ರತಿ ತಂಡಕ್ಕೂ ಒಂದು ಪಾಸ್ ಸ್ಲಿಪ್ ಬರೆದು ಸಹಿ ಹಾಕಬೇಕು. ಬಟ್ಟೆ ಬೇಗ ಬೆಂಕಿ ಹಿಡಿಯುವುದಿಲ್ಲ, ಕಾಲಿಗೆ ತೊಡರುವುದಿಲ್ಲ ಎಂಬ ಖಾತರಿ ಅದು. ಆ ಸಹಿ ಇಲ್ಲದೆ ಯಾರೂ ಬೀದಿಗೆ ಇಳಿಯುವ ಹಾಗಿರಲಿಲ್ಲ.

ಡಿಸೆಂಬರಿನಲ್ಲಿ ರಾಜಧಾನಿ ಮನಾಮದ ಬೀದಿಯಲ್ಲಿ ಆಫ್ರಿಕನ್ ಕಾರ್ನಿವಲ್ ಇತ್ತು. ಪ್ರವಾಸಿಗರನ್ನು ಸೆಳೆಯಲು ವರ್ಷಕ್ಕೊಮ್ಮೆ ನಡೆಯುವ ಮೆರವಣಿಗೆ. ಕುಣಿಯುವವರು ಹೊರಗಿನಿಂದ ಬಂದವರಲ್ಲ. ಇಲ್ಲಿಯೇ ದುಡಿಯುವ ಘಾನಾ, ಕೀನ್ಯಾ, ಇಥಿಯೋಪಿಯಾದ ಜನ. ಒಟ್ಟು ಒಂಬತ್ತು ತಂಡ.

ಶಾರದೆ ಹೋದದ್ದು ಅದಕ್ಕೆ ಒಂದು ತಿಂಗಳ ಮುಂಚೆ. ಹೋಟೆಲಿನ ಲಾಂಡ್ರಿಯಲ್ಲಿ ಇಸ್ತ್ರಿ ಹಾಕುತ್ತಿದ್ದವಳು ನಿಂತಲ್ಲೇ ಕುಸಿದಳು. ಆಸ್ಪತ್ರೆಯಿಂದ ಪೆಟ್ಟಿಗೆ ನೇರ ವಿಮಾನಕ್ಕೆ. ನನಗೆ ಸಿಕ್ಕಿದ್ದು ಎಂಟು ದಿನದ ರಜೆ. ಬೂದಿ ನೀರಿಗೆ ಬಿಟ್ಟು ಹಿಂದೆ ಬಂದೆ. ಹದಿಮೂರನೆಯ ದಿನದ ಉತ್ತರಕ್ರಿಯೆಗೆ ನಮ್ಮ ತುಳುವಿನಲ್ಲಿ ಬೊಜ್ಜ ಎನ್ನುತ್ತಾರೆ. ಅದನ್ನು ಊರಿನಲ್ಲಿ ತಮ್ಮ ನಡೆಸಿದ. ಅವಳ ಹೆಸರಿನಲ್ಲಿ ಎಲೆ ಹಾಕಿ ಬಡಿಸುವ ಹೊತ್ತಿಗೆ ನಾನು ಇಲ್ಲಿ ಚಿರತೆ ಚುಕ್ಕಿಯ ಪಾಲಿಯೆಸ್ಟರ್ ಬಟ್ಟೆಯ ಥಾನು ಎಣಿಸುತ್ತಿದ್ದೆ.

ಆ ಬಟ್ಟೆ ಪ್ರೋಗ್ರಾಂ ಮ್ಯಾನೇಜರ್ ಪ್ರವೀಣನ ಆಯ್ಕೆ. ಬೆಂಗಳೂರಿನವನು, ಕೆಟ್ಟವನಲ್ಲ. "ವಸಂತಣ್ಣ, ಆಫ್ರಿಕಾ ಅಂದ್ರೆ ಟೂರಿಸ್ಟ್ಸ್ ಇದನ್ನೇ ಎಕ್ಸ್‌ಪೆಕ್ಟ್ ಮಾಡೋದು. ಕಲರ್, ಎನರ್ಜಿ!" ಎಂದಿದ್ದ.

ಅಳತೆ ಕೊಡಲು ಮೊದಲು ಬಂದವಳು ಘಾನಾದ ಅಕೋಸುವಾ. ಲಾಂಡ್ರಿಯಲ್ಲಿ ಒಂಬತ್ತು ವರ್ಷ ಶಾರದೆಯ ಪಕ್ಕದ ಮೇಜು ಅವಳದು. ಚುಕ್ಕಿ ಬಟ್ಟೆಯನ್ನು ಎರಡು ಬೆರಳಿನಲ್ಲಿ ಎತ್ತಿ ನೋಡಿದಳು. ನಮ್ಮ ಮಾತುಕತೆ ಹಿಂದಿಯಲ್ಲಿ.

"ವಸಂತ್ ಭಾಯ್, ನಾವೇನು ಸರ್ಕಸ್ಸಿನವರಾ?"

ಆಮೇಲೆ ತನ್ನ ಚೀಲದಿಂದ ಕಪ್ಪು ಮತ್ತು ಕೆಂಪು ಬಟ್ಟೆ ತೆಗೆದು ಮೇಜಿನ ಮೇಲಿಟ್ಟಳು. ಅವರ ಕಡೆ ಸಾವಿಗೆ ಉಡುವ ಬಣ್ಣ ಅದು. "ದೀದಿ ಬೆಳಿಗ್ಗೆ ಇದ್ದಳು, ಮರುದಿನ ಅವಳ ಕಪಾಟು ಖಾಲಿ. ಮುಖ ನೋಡಲಿಕ್ಕೂ ನಮಗೆ ಯಾರೂ ಬಿಡಲಿಲ್ಲ. ನಮ್ಮಲ್ಲಿ ಮನುಷ್ಯರನ್ನು ಹೀಗೆ ಕಳಿಸುವುದಿಲ್ಲ. ಕುಣಿದು ಕಳಿಸುತ್ತೇವೆ. ಹನ್ನೆರಡು ಜನ ಇದ್ದೇವೆ. ಹೊಲಿದು ಕೊಡುತ್ತೀಯಾ?"

ಹೊಲಿದೆ. ಚಿರತೆ ಬಟ್ಟೆಯಲ್ಲಿ ಡ್ರಮ್ಮುಗಳಿಗೆ ಗವಸು ಮಾಡಿದೆ.

ಉಡುಪಿನ ಪಟ್ಟಿಯಲ್ಲಿ ಪ್ರತಿ ತಂಡದ ಎದುರು ಕುಣಿತದ ಹೆಸರು ಬರೆಯಬೇಕು. ಅಕೋಸುವಾ ಹೇಳಿದ ಹೆಸರು ಅಡೋವಾ, ಅವರಲ್ಲಿ ಸತ್ತವರನ್ನು ಕಳಿಸುವ ಕುಣಿತ. ನನ್ನದು ಹತ್ತನೇ ಕ್ಲಾಸು. ಅದರ ಸ್ಪೆಲಿಂಗ್ ಗೊತ್ತಾಗಲಿಲ್ಲ. ಆಮೇಲೆ ಕೇಳಿ ಬರೆದರಾಯಿತೆಂದು, ಸದ್ಯಕ್ಕೆ ನನ್ನ ಗುರುತಿಗೆ ಇಂಗ್ಲಿಷ್ ಅಕ್ಷರದಲ್ಲಿ "ಬೊಜ್ಜ" ಎಂದು ಬರೆದೆ. ಮರೆತೇಬಿಟ್ಟೆ. ಪಟ್ಟಿ ಡಿಪ್ಲೊಮ್ಯಾಟಿಕ್ ಏರಿಯಾದಲ್ಲಿರುವ ನಮ್ಮ ಕಂಪೆನಿಯ ಆಫೀಸಿಗೆ ಹೋಯಿತು, ಅಲ್ಲಿಂದ ಹಾಗೆಯೇ ಕರಪತ್ರಕ್ಕೆ.

ಅಚ್ಚಾದ ಮೇಲೆ ಪ್ರವೀಣ ಫೋನ್ ಮಾಡಿದ. "ಬೊಜ್ಜ! ಏನ್ ಸೌಂಡ್ ವಸಂತಣ್ಣ, ಸೂಪರ್ ಆಫ್ರಿಕನ್! ಬಿಗ್ ಫಾಂಟ್‌ನಲ್ಲಿ ಹಾಕ್ಸಿದೀನಿ."

ಫೋನ್ ಇಟ್ಟು ಲಾಂಡ್ರಿಗೆ ಹೋದೆ. ಅಕೋಸುವಾಳ ಹತ್ತಿರ ತಪ್ಪು ಒಪ್ಪಿಕೊಂಡು, ಆ ಶಬ್ದದ ಅರ್ಥವನ್ನೂ ಹೇಳಿದೆ. "ದೀದಿಯ ಭಾಷೆ ಅಲ್ವಾ? ಹಾಗಾದರೆ ಇರಲಿ. ತಿದ್ದಬೇಡ" ಎಂದಳು.

ಕಾರ್ನಿವಲ್ ದಿನ ಮಧ್ಯಾಹ್ನ ತಂಡಗಳು ಸಾಲುಗಟ್ಟಿದ್ದವು. ಕಂಪೆನಿಯ ಸೌಂಡ್ ಕೆಲಸದ ರೊನಾಲ್ಡ್ ಮಂಗಳೂರಿನವನು. ಕರಪತ್ರ ಹಿಡಿದು, ಯಾರ ಬೊಜ್ಜ ಎಂದು ತುಳುವಿನಲ್ಲಿ ಕೇಳುತ್ತಾ, ನಗುತ್ತಾ ಬಂದ. "ದಾನೆ ವಸಂತಣ್ಣ, ಏರೆನ ಬೊಜ್ಜ? ಊಟಕ್ಕೆ ಎಷ್ಟು ಎಲೆ ಮಾರಾಯ್ರೆ?"

"ಶಾರದೆದು" ಎಂದೆ.

ಅವನ ನಗು ಅಲ್ಲಿಗೇ ನಿಂತಿತು. ಪಕ್ಕದಲ್ಲೇ ಪ್ರವೀಣ ಇದ್ದ.

"ಬೊಜ್ಜ ಅಂದ್ರೆ ಏನ್ರೀ? ನಮ್ ಕಡೆ ಬೊಜ್ಜು ಅಂದ್ರೆ ಹೊಟ್ಟೆ. ಬೆಲ್ಲಿ ಡಾನ್ಸಾ?"

ರೊನಾಲ್ಡ್ ನನ್ನ ಮುಖ ನೋಡಿದ. ನಾನೇ ಹೇಳಿದೆ. ಆಗ ಪ್ರವೀಣ ಕಪ್ಪು ಕೆಂಪು ಉಟ್ಟು ನಿಂತ ಹನ್ನೆರಡು ಹೆಂಗಸರನ್ನು ಮೊದಲ ಸಲ ಸರಿಯಾಗಿ ನೋಡಿದ.

"ಫ್ಯೂನರಲ್ಲಾ? ವಸಂತಣ್ಣ, ಜನ ಫ್ಯಾಮಿಲಿ ಕರ್ಕೊಂಡು ಖುಷಿ ನೋಡೋಕೆ ಬರ್ತಾರೆ. ಚುಕ್ಕಿ ಬಟ್ಟೆ ಎಲ್ಲಿ?"

"ಡ್ರಮ್ಮಿನ ಮೇಲೆ ಉಂಟು."

"ಹಾಗಿದ್ರೆ ಈ ತಂಡ ಬೇಡ. ಡ್ರಾಪ್ ಮಾಡಿ."

ಜೇಬಿನಿಂದ ಸ್ಲಿಪ್ ಪುಸ್ತಕ ತೆಗೆದೆ. "ಒಂಬತ್ತರಲ್ಲಿ ಒಂದಕ್ಕೂ ಸಹಿ ಆಗಲಿಲ್ಲ. ಇವರು ಹೋಗದಿದ್ದರೆ ಯಾರೂ ಹೋಗುವುದಿಲ್ಲ."

"ನಿಮ್ ವೀಸಾ ರಿನ್ಯೂವಲ್ ನನ್ ಟೇಬಲ್ ಮೇಲಿದೆ, ಗೊತ್ತಲ್ವಾ?"

"ಗೊತ್ತುಂಟು. ಅಲ್ಲೇ ಇರಲಿ. ಎಂಟು ದಿನದ ರಜೆ ಕೊಟ್ಟಿರಿ, ಬಂದೆ. ಇನ್ನು ಕಳಿಸುವುದಾದರೆ ಕಳಿಸಿ. ಇವತ್ತು ನನ್ನ ಹೆಂಡತಿಯ ಬೊಜ್ಜ. ಮುಗಿಸಿಯೇ ಹೋಗುತ್ತೇನೆ."

ಸುರಕ್ಷತೆಯ ಸ್ಲಿಪ್ಪನ್ನು ಹಾಗೆ ಹಿಡಿದು ಹಟ ಮಾಡುವುದು ನಿಯಮದ ಪ್ರಕಾರ ತಪ್ಪು. ಗೊತ್ತಿದ್ದೇ ಮಾಡಿದೆ. ಪ್ರವೀಣ ವಾಚು ನೋಡಿದ, ಹೆಂಗಸರನ್ನು ನೋಡಿದ. ಹನ್ನೆರಡು ಮಂದಿಯಲ್ಲಿ ಒಬ್ಬಳೂ ಕಣ್ಣು ಕೆಳಗೆ ಹಾಕಲಿಲ್ಲ. "ಸೈನ್ ಮಾಡಿ" ಎಂದು ಹೇಳಿ ಹೋದ. ಒಂಬತ್ತಕ್ಕೂ ಸಹಿ ಹಾಕಿದೆ, ಅವರದ್ದಕ್ಕೆ ಮೊದಲು.

ಮೈಕಿನಲ್ಲಿ "ಬೊಜ್ಜ!" ಎಂದು ಕೂಗಿದಾಗ ದೂರದಲ್ಲಿ ತುಳು ಬಲ್ಲ ನಮ್ಮ ಊರಿನವರ ಗುಂಪೊಂದರಲ್ಲಿ ನಗು ಎದ್ದಿತು. ಡ್ರಮ್ಮು ನಿಧಾನಕ್ಕೆ ಶುರುವಾಯಿತು. ಹೆಂಗಸರು ಬಗ್ಗಿ, ಸಣ್ಣ ಹೆಜ್ಜೆ ಇಟ್ಟು, ಕೈಗಳಲ್ಲಿ ಮಾತಾಡುತ್ತಾ ಬಂದರು. ಅಕೋಸುವಾ ನನ್ನೆದುರು ನಿಂತು ಎರಡೂ ಕೈ ತಲೆಯ ಮೇಲಿಟ್ಟಳು. ಸಂಕಟಕ್ಕೆ ನಮ್ಮ ಹೆಂಗಸರೂ ಹಾಗೆಯೇ ಇಡುತ್ತಾರೆ. ಊರಿನವರ ನಗು ನಿಂತಿತು. ಆ ಗುಂಪಿನ ಹಿರಿಯ ಹೆಂಗಸೊಬ್ಬರು ಚಪ್ಪಲಿ ಬಿಟ್ಟು ಕೈಮುಗಿದರು. ಸುತ್ತಲಿನ ಪ್ರವಾಸಿಗರು ಜೋರಾಗಿ ಚಪ್ಪಾಳೆ ತಟ್ಟಿದರು. ನನಗೆ ಆ ಕೈಮುಗಿತ, ಈ ಚಪ್ಪಾಳೆ ಎರಡೂ ಒಂದೇ ಆಗಿ ಕಂಡವು.

ವೀಸಾ ರಿನ್ಯೂ ಆಯಿತು. ಆ ತಂಡದ ಫೋಟೊ ಮರುವರ್ಷದ ಕರಪತ್ರದ ಮುಖಪುಟಕ್ಕೆ ಬಂತು, ಹಾಕಿಸಿದವನು ಪ್ರವೀಣನೇ.

ದರ್ಜಿ ಅಳತೆ ತೆಗೆಯಬೇಕಾದದ್ದು ತೊಡುವವರ ಮೈಯಿಂದ. ನೋಡುವವರ ಕಣ್ಣಿಗೆ ಟೇಪು ಹಿಡಿದು ನಾನು ಹೊಲಿದದ್ದು ಯಾರ ಮೈಗೂ ಸರಿಯಾಗಿ ಕೂತಿಲ್ಲ. ಮೂವತ್ತು ವರ್ಷ ಕತ್ತರಿ ಹಿಡಿದರೂ ಇದು ತಲೆಗೆ ಹೋದದ್ದು ಆ ಮಧ್ಯಾಹ್ನ.

ಈಗ ಪ್ರತಿ ಡಿಸೆಂಬರಿನಲ್ಲೂ ಆಫೀಸಿನಿಂದ ಪಟ್ಟಿ ಬರುತ್ತದೆ, ಸ್ಪೆಲಿಂಗ್ ತಪ್ಪಿದ್ದರೆ ತಿದ್ದಿ ಎಂಬ ಸೂಚನೆಯ ಜೊತೆ. ಅಡೋವಾದ ಸ್ಪೆಲಿಂಗ್ ಈಗ ನನಗೆ ಗೊತ್ತುಂಟು. ಬೊಜ್ಜ ತಿದ್ದಲಾ ಎಂದು ಅಕೋಸುವಾಳನ್ನು ಪ್ರತಿ ಸಲ ಕೇಳುತ್ತೇನೆ. "ಬೇಡ" ಎನ್ನುತ್ತಾಳೆ. ಪಟ್ಟಿಯನ್ನು ಬಂದ ಹಾಗೆಯೇ ಹಿಂದೆ ಕಳಿಸುತ್ತೇನೆ.